‘ನಮ್ ಹಣೇಬಾರ’ ಅಂತ ಎದ್ದು ಹೋಗೋ ಜನ ಕೇಳೋಕೆ ಶುರು ಮಾಡೋದು ಯಾವಾಗ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಕನಾಮಿಕ್ಸ್ ಅತಿಥಿ ಉಪನ್ಯಾಸಕಿ. ಭಾನುವಾರ ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರ ಜೊತೆ ಕೂತು ಮಾತಾಡ್ತೀನಿ. ಹೋದ ತಿಂಗಳು ಒಂದು ಚಾರ್ಟ್ ಮಾಡ್ಕೊಂಡು ಹೋಗಿ, ದೇಶದ ಆಸ್ತಿಯಲ್ಲಿ ಶೇ 40ರಷ್ಟು ಬರೀ ಶೇ 1 ಜನರ ಹತ್ರ ಇದೆ ಅಂತ ವಿವರಿಸಿದೆ. ಎಲ್ರೂ ಗಮನ ಕೊಟ್ಟು ಕೇಳಿದ್ರು. ಕೊನೆಗೆ ಒಬ್ಬ ಹಿರಿಯಕ್ಕ ‘ಹೌದ್ರೀ ಮೇಡಂ, ಇದ್ದೋರಿಗೆ ಎಲ್ಲಾ ಐತಿ, ನಮ್ ಹಣೇಬಾರ ಇಷ್ಟ’ ಅಂದ್ರು, ಚಹಾ ಕುಡಿದು ಎದ್ದು ಹೋದ್ರು. ಇಷ್ಟು ದೊಡ್ಡ ಅನ್ಯಾಯ ಕಣ್ಮುಂದೆ ಇದ್ರೂ ಜನ ಯಾಕೆ ಕೇಳಲ್ಲ? ಕೇಳೋ ಹಾಗೆ ಮಾಡೋದು ಹೇಗೆ?

ಉತ್ತರ:

ಮೇಡಂ, ನಿಮ್ಮ ಚಾರ್ಟ್‌ನಲ್ಲಿ ತಪ್ಪೇನೂ ಇಲ್ಲ. ಪ್ಯಾರಿಸ್‌ನ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್‌ನವರ ಲೆಕ್ಕದಲ್ಲಿ 2022-23ಕ್ಕೆ ಭಾರತದ ಮೇಲಿನ ಶೇ 1 ಜನರ ಕೈಲಿ ಆಸ್ತಿಯ ಶೇ 40.1, ಆದಾಯದ ಶೇ 22.6 ಇದೆ, ಆ ಆದಾಯದ ಪಾಲು 1922ರಿಂದ ಈಚೆಗಿನ ಲೆಕ್ಕದಲ್ಲೇ ಅತಿ ಹೆಚ್ಚು. ಆ ಹಿರಿಯಕ್ಕ ಹೇಳಿದ್ದೂ ತಪ್ಪಲ್ಲ. ಅವರಿಗೆ ಇದೆಲ್ಲ ಮೊದಲೇ ಗೊತ್ತು, ದಿನಾ ಬದುಕ್ತಿರೋದೇ ಅದ್ರಲ್ಲಿ. ನಿಮ್ಮ ಚಾರ್ಟ್ ಗೊತ್ತಿರೋ ನೋವಿಗೆ ಒಂದು ನಂಬರ್ ಹಾಕಿ ಕೊಡ್ತು, ಆದ್ರೆ ನಾಳೆ ಬೆಳಿಗ್ಗೆ ಎದ್ದು ಯಾರ ಬಾಗಿಲಿಗೆ ಹೋಗಿ ಏನು ಕೇಳ್ಬೇಕು ಅಂತ ಹೇಳಲಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂಲಿಕಾರರ ಜೊತೆ, ಗಾರ್ಮೆಂಟ್ಸ್ ಹೆಂಗಸರ ಜೊತೆ ಕೆಲಸ ಮಾಡಿದೀನಿ, ನನ್ನ ಶುರುವಿನ ವರ್ಷಗಳಲ್ಲಿ ನಾನೂ ಇಂಥದೇ ಚಾರ್ಟ್ ಹಿಡ್ಕೊಂಡು ಓಡಾಡಿದೀನಿ, ಅದಕ್ಕೇ ಇಷ್ಟು ಖಚಿತವಾಗಿ ಹೇಳ್ತಿರೋದು.

ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದಾರೆ. ಅಮೆರಿಕದಲ್ಲಿ ನಾಲ್ಕು ಜನ ಅರ್ಥಶಾಸ್ತ್ರಜ್ಞರು ಸಾವಿರಾರು ಜನರಿಗೆ ಆನ್‌ಲೈನ್‌ನಲ್ಲಿ ಅಸಮಾನತೆಯ ಅಂಕಿ ಅಂಶ ತೋರಿಸಿದ್ರು, 2015ರಲ್ಲಿ ಪ್ರಕಟ ಆಯ್ತು. ನೋಡಿದವರು ‘ಇದು ದೊಡ್ಡ ಸಮಸ್ಯೆ’ ಅಂತ ಒಪ್ಕೊಂಡ್ರು, ಆದ್ರೆ ‘ಹಾಗಾದ್ರೆ ಸರ್ಕಾರ ಇಂಥದ್ದು ಮಾಡ್ಲಿ’ ಅನ್ನೋ ಬೇಡಿಕೆ ಮಾತ್ರ ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು, ಪಿತ್ರಾರ್ಜಿತ ದೊಡ್ಡ ಆಸ್ತಿ ಮೇಲಿನ ತೆರಿಗೆ ಒಂದನ್ನ ಬಿಟ್ಟು. ಯಾಕೆ ಅಂದ್ರೆ ಅಂಕಿ ಅಂಶ ನೋಡಿದ್ಮೇಲೆ ಅವರಿಗೆ ಸರ್ಕಾರದ ಮೇಲಿದ್ದ ನಂಬಿಕೆಯೇ ಇನ್ನಷ್ಟು ಕುಸಿದಿತ್ತು. ಇಷ್ಟು ಕೆಡೋಕೆ ಬಿಟ್ಟವರು ಇನ್ನೇನು ಸರಿ ಮಾಡ್ತಾರೆ ಅಂತ. ನಿಮ್ಮ ಹಿರಿಯಕ್ಕನ ‘ಹಣೇಬಾರ’ದೊಳಗೆ ಇರೋದೂ ಇದೇ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಮಾಡಿದ ಇನ್ನೊಂದು ಅಧ್ಯಯನ ಇದೆ, 2013ರದ್ದು. ಅಲ್ಲಿ ಶ್ರೀಮಂತರ ಬಗ್ಗೆ ಹೇಳೋ ಬದಲು, ನೀವು ದೇಶದ ಒಟ್ಟು ಮನೆಗಳಲ್ಲಿ ಎಷ್ಟನೇ ಮೆಟ್ಟಿಲ ಮೇಲೆ ಇದೀರಿ ಅಂತ ಕೇಳಿದ್ರು. ಬಡವರೂ ನಾವು ನಡುವಿನವರು ಅಂದ್ರು, ಸ್ಥಿತಿವಂತರೂ ನಾವು ನಡುವಿನವರು ಅಂದ್ರು. ಇಲ್ಲಪ್ಪ, ನೀನು ಅಂದ್ಕೊಂಡಿದ್ದಕ್ಕಿಂತ ಕೆಳಗಿದೀಯ ಅಂತ ಗೊತ್ತಾದವರು ಮಾತ್ರ ಬಡವರಿಗೆ ಹೆಚ್ಚು ಸಿಗ್ಬೇಕು ಅನ್ನೋ ಕಡೆ ವಾಲಿದ್ರು. ಬೇರೆಯವರ ಕೋಟಿ ಬಗ್ಗೆ ಹೇಳಿದ್ರೆ ಮನುಷ್ಯ ನಿಟ್ಟುಸಿರು ಬಿಡ್ತಾನೆ, ನಿನ್ನ ಪಾಲು ಇಷ್ಟು ಕಮ್ಮಿ ಬರ್ತಿದೆ ಅಂದ್ರೆ ತಿರುಗಿ ನೋಡ್ತಾನೆ.

ನಮ್ಮ ನೆಲದಲ್ಲೇ ಇದಕ್ಕಿಂತ ದೊಡ್ಡ ಪಾಠ ಇದೆ, ಅಧ್ಯಯನಕ್ಕೆ ಪ್ಯಾರಿಸ್, ಬ್ಯೂನಸ್ ಐರಿಸ್‌ವರೆಗೆ ಹೋಗೋದೇ ಬೇಡ. ಸಾಗರ ತಾಲೂಕಿನ ಕಾಗೋಡು, 1951. ಆ ಕಡೆ ಗೇಣಿ ಮಾಡ್ತಿದ್ದವರು ಹೆಚ್ಚಿನವರು ದೀವರು ಅನ್ನೋ ಸಮುದಾಯದವರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗ್ತಿತ್ತು, ಅದು ತಲೆತಲಾಂತರದಿಂದ ನಡ್ಕೊಂಡು ಬಂದದ್ದು, ಅದನ್ನ ಯಾರೂ ಹೊಸದಾಗಿ ಹೇಳ್ಬೇಕಿರಲಿಲ್ಲ. ಸಿಟ್ಟು ಹೊತ್ಕೊಂಡಿದ್ದು ಕೊಳಗದ ವಿಷಯಕ್ಕೆ. ಭತ್ತ ಅಳೆಯೋ ಕೊಳಗ. ಗೇಣಿ ಅಳ್ಕೊಳ್ಳೋವಾಗ ಒಡೆಯರು ಬಳಸ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗಕ್ಕೂ ಒಂದಿಷ್ಟು ಜಾಸ್ತಿ ಭತ್ತ, ಸುಗ್ಗಿ ಮುಗಿಯೋ ಹೊತ್ತಿಗೆ ಎಷ್ಟಾಯ್ತು ಲೆಕ್ಕ ಹಾಕಿ! ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ಜನರನ್ನ ಒಟ್ಟು ಮಾಡಿದಾಗ ‘ಭೂಮಿಯ ಒಡೆತನ ಬದಲಾಗಲಿ’ ಅಂತ ದೊಡ್ಡ ಮಾತಿಂದ ಹೊರಡಲಿಲ್ಲ, ಸರಿಯಾದ ಕೊಳಗದಲ್ಲಿ ಅಳೀರಿ ಅಂದ್ರು. ಕೊಳಗ ಕಣ್ಣಿಗೆ ಕಾಣುತ್ತೆ. ಕೈಲಿ ಹಿಡೀಬಹುದು, ಪಕ್ಕದಲ್ಲಿ ಇನ್ನೊಂದು ಇಟ್ಟು ತೋರಿಸ್ಬಹುದು, ಓದು ಬರಹ ಬಾರದವನಿಗೂ ಇದು ಮೋಸ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ, ಅದಕ್ಕೆ ಹಣೆಬರಹ ಅಂತ ಹೆಸರಿಡೋಕೆ ಆಗಲ್ಲ.

ಆಮೇಲೆ ಒಡೆಯರು ಗೇಣಿ ಬಿಡಿಸಿದ್ರು, ರೈತರು ತಂಡ ತಂಡವಾಗಿ ಗದ್ದೆಗಿಳಿದು ಉತ್ತು ಜೈಲಿಗೆ ಹೋದ್ರು, ಸಮಾಜವಾದಿ ನಾಯಕ ಲೋಹಿಯಾ ಬಂದ್ರು, ಅವರನ್ನೂ ಅರೆಸ್ಟ್ ಮಾಡಿದ್ರು. ಮಾರನೇ ವರ್ಷದ ಎಲೆಕ್ಷನ್‌ನಲ್ಲಿ ಈ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಗೆದ್ದು ಶಾಸನಸಭೆಗೆ ಹೋದ್ರು. ಆದ್ರೂ ಭೂಮಿ ಗೇಣಿದಾರರ ಕೈಗೆ ಬರೋಕೆ 1974 ಮಾರ್ಚ್ 1ರ ತನಕ ಕಾಯಬೇಕಾಯ್ತು, ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಆಗ ‘ಡಿಕ್ಲರೇಷನ್ ಕೊಡೋದು’ ಅಂತ ಒಂದು ಮಾತೇ ಹುಟ್ಕೊಳ್ತು, ಅಂದ್ರೆ ಈ ಜಮೀನು ಗೇಣಿ ಮಾಡ್ತಿರೋನು ನಾನು ಅಂತ ಅರ್ಜಿ ಕೊಡೋದು, ಮಲೆನಾಡು ಕರಾವಳಿಯ ಹಳಬರ ಬಾಯಲ್ಲಿ ಇವತ್ತಿಗೂ ಇದೆ. ಕೊಳಗದಿಂದ ಡಿಕ್ಲರೇಷನ್‌ವರೆಗೆ 23 ವರ್ಷ. ಇದನ್ನ ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ಮೊದಲ ಬೇಡಿಕೆ ಚಿಕ್ಕದಿದ್ದದ್ದಕ್ಕೇ ಜನ ಬಂದ್ರು, ಜನ ಒಮ್ಮೆ ಬಂದದ್ದಕ್ಕೇ ಬೇಡಿಕೆ ಬೆಳೀತು ಅನ್ನೋದಕ್ಕೆ ಹೇಳ್ತಿದೀನಿ.

ಜನ ಸುಮ್ಮನಿರೋಕೆ ಬೇರೆ ಕಾರಣಗಳೂ ಇವೆ, ಅವನ್ನ ಸೋಮಾರಿತನ ಅಥವಾ ಅಜ್ಞಾನ ಅಂತ ದಯವಿಟ್ಟು ತಿಳೀಬೇಡಿ. ಒಂದು, ಆಸೆ. ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1973ರಲ್ಲಿ ಇದನ್ನ ಟ್ರಾಫಿಕ್ ಜಾಮ್ ಉದಾಹರಣೆ ಕೊಟ್ಟು ವಿವರಿಸಿದ್ರು, ನಾನು ಅದನ್ನ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ತಂದು ಹೇಳ್ತೀನಿ. ಎರಡು ಲೇನ್ ಪೂರ್ತಿ ನಿಂತುಬಿಟ್ಟಿದೆ. ಪಕ್ಕದ ಲೇನ್ ಹೊರಡ್ತು ಅಂದ್ರೆ ಮೊದಲು ನಮಗೆ ಖುಷಿನೇ ಆಗುತ್ತೆ, ಓ ಮುಂದೆ ಕ್ಲಿಯರ್ ಆಯ್ತು, ಇನ್ನೇನು ನಮ್ದೂ ಹೊರಡುತ್ತೆ ಅಂತ. ಹತ್ತು ನಿಮಿಷ ಆದ್ರೂ ಅದೇ ಲೇನ್ ಹೋಗ್ತಿದ್ದು ನಮ್ದು ಅಲ್ಲಾಡದಿದ್ರೆ ಆಗ ಹಾರ್ನ್ ಶುರುವಾಗುತ್ತೆ. ನಿಮ್ಮ ಸಂಘದ ಎಷ್ಟು ಮನೆಗಳಲ್ಲಿ ಮಗ ಬೆಂಗಳೂರಲ್ಲಿ ಡೆಲಿವರಿಗೋ ಡ್ರೈವಿಂಗಿಗೋ ಹೋಗಿದಾನೆ ನೋಡಿ. ಪಕ್ಕದ ಮನೆಯವನು ಸೈಟ್ ತಗೊಂಡ ಅನ್ನೋ ಸುದ್ದಿ ಆ ತಾಯಿಗೆ ಹೊಟ್ಟೆಕಿಚ್ಚಲ್ಲ, ಭರವಸೆ. ಆ ಭರವಸೆಯನ್ನ ನಾವು ಕಿತ್ಕೋಬಾರದು, ಲೇನ್ ಯಾಕೆ ನಿಂತಿದೆ ಅಂತ ಮಾತ್ರ ಅವರ ಜೊತೆ ಕೂತು ನೋಡ್ಬೇಕು.

ಇನ್ನೊಂದು ಭಯ. ಕಮ್ಮಿ ಕೂಲಿ ಕೊಡೋನೇ ಮಗಳ ಮದುವೆಗೆ ಕೈಸಾಲ ಕೊಡೋನು. ವಾರದ ಕಂತು ಕಟ್ಟೋ ಹೆಂಗಸು ಒಂದು ದಿನದ ಕೂಲಿ ಬಿಟ್ಟು ನಿಮ್ಮ ಧರಣಿಗೆ ಬಂದ್ರೆ ಆ ವಾರದ ಕಂತು ತಪ್ಪುತ್ತೆ, ಕಂತು ತಪ್ಪಿದ್ರೆ ವಸೂಲಿಯವರು ಮನೆ ಮುಂದೆ ಬಂದು ಕೂರ್ತಾರೆ. ಸಾಲ ವಸೂಲಿ ಕಿರುಕುಳ ಎಷ್ಟು ಕೆಟ್ಟಿತ್ತು ಅಂದ್ರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆನೇ ತರಬೇಕಾಯ್ತು. ಅದಕ್ಕೇ ಹೇಳೋದು, ಕಂತಿನ ದಿನ ಸಭೆ ಕರೀಬೇಡಿ, ಕೂಲಿ ಹೋಗೋ ಹೊತ್ತಲ್ಲಿ ಕರೀಬೇಡಿ, ಮತ್ತೆ ಯಾವ ಬೇಡಿಕೆಗೂ ಒಬ್ಬಳನ್ನೇ ಮುಂದೆ ಕಳಿಸಬೇಡಿ. ಜಾತಿ ಲೆಕ್ಕಾನೂ ಇದೆ. ಊರಲ್ಲಿ ಯಾರ ಮನೆ ಕಟ್ಟೆ ಮೇಲೆ ಸಭೆ ಮಾಡ್ತೀರಿ ಅನ್ನೋದ್ರ ಮೇಲೆ ಯಾವ ಕೇರಿಯವರು ಬರ್ತಾರೆ, ಯಾರು ಬಾಗಿಲ ಹೊರಗೇ ನಿಲ್ತಾರೆ ಅನ್ನೋದು ತೀರ್ಮಾನ ಆಗಿಬಿಡುತ್ತೆ. ನೀವು ಕೂತ ಜಾಗ ಯಾವುದು ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನೊಮ್ಮೆ ಯೋಚನೆ ಮಾಡಿ.

ಗಾರ್ಮೆಂಟ್ಸ್ ಹೆಂಗಸರ ಕಥೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ‘ಇವರು ಯಾವತ್ತೂ ಕೇಳಲ್ಲ’ ಅಂತ ಎಲ್ರೂ ಕೈಬಿಟ್ಟಿದ್ದವರು ಅವರು. ಯೂನಿಯನ್‌ನಲ್ಲಿ ಇದ್ದದ್ದು ಬೆರಳೆಣಿಕೆ ಜನ. ಟಾರ್ಗೆಟ್, ಸೂಪರ್‌ವೈಸರ್ ಬೈಗುಳ, ಟಾಯ್ಲೆಟ್‌ಗೆ ಹೋಗೋಕೂ ಲೆಕ್ಕ, ಎಲ್ಲ ಸಹಿಸ್ಕೊಂಡಿದ್ರು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸ್ತು, ಮಾಲೀಕರು ಕಟ್ಟಿದ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ. ಎಸಿ ರೂಮಲ್ಲಿ ಕೂತು ನೋಡಿದ್ರೆ ಒಳ್ಳೇ ನಿಯಮದ ಹಾಗೇ ಕಾಣುತ್ತೆ, ಮುಪ್ಪಿನ ಕಾಲಕ್ಕೆ ಉಳಿತಾಯ. ಆದ್ರೆ ಗಾರ್ಮೆಂಟ್ಸಲ್ಲಿ 58ರ ತನಕ ಹೊಲಿಗೆ ಮಷಿನ್ ಮುಂದೆ ಕೂರೋರು ಯಾರು? ಸೊಂಟ, ಕಣ್ಣು ಹೋಗಿ ನಲವತ್ತಕ್ಕೇ ಬಿಡ್ತಾರೆ. ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು ಸಾಲ ತೀರಿಸೋದು, ಮಗಳ ಫೀಸ್ ಕಟ್ಟೋದು, ಆಮೇಲೆ ಬೇರೆ ಫ್ಯಾಕ್ಟರಿ ಸೇರೋದು. ಅವರ ಇಡೀ ಬದುಕಿನಲ್ಲಿ ಒಟ್ಟಾಗಿ ಕೈಗೆ ಬರೋ ದುಡ್ಡು ಅಂದ್ರೆ ಅದೊಂದೇ.

ಏಪ್ರಿಲ್ 18ರ ಬೆಳಿಗ್ಗೆ ಬೊಮ್ಮನಹಳ್ಳಿ ಹತ್ರ ಹೊಸೂರು ರೋಡಿಗೆ ಇಳಿದ್ರು. ನಾಯಕರು ಯಾರೂ ಕರೆದಿರಲಿಲ್ಲ, ಬ್ಯಾನರ್ ಇರಲಿಲ್ಲ. ಒಂದು ಫ್ಯಾಕ್ಟರಿಯವರು ಹೊರಗೆ ಬಂದದ್ದು ನೋಡಿ ಪಕ್ಕದವರು, ಅವರನ್ನ ನೋಡಿ ಅದರಾಚೆಯವರು. ಮಾರನೇ ದಿನ ಪೀಣ್ಯ, ಜಾಲಹಳ್ಳಿ, ತುಮಕೂರು ರೋಡ್ ಕಡೆಗೂ ಹಬ್ಬಿತ್ತು. ಲಾಠಿ ಚಾರ್ಜ್ ಆಯ್ತು, ಅಶ್ರುವಾಯು ಹಾಕಿದ್ರು, ಬಸ್ಸಿಗೆ ಬೆಂಕಿ ಬಿತ್ತು. 19ನೇ ತಾರೀಕು ಸಂಜೆ ಹೊತ್ತಿಗೆ ದೆಹಲಿಯಿಂದ ಆದೇಶ ವಾಪಸ್! ಎರಡೇ ದಿನದಲ್ಲಿ ಕೇಂದ್ರ ಸರ್ಕಾರದ ನಿಯಮ ಬದಲಾಯ್ತು, ಬದಲಿಸಿದವರು ಟಿಫನ್ ಬಾಕ್ಸ್ ಹಿಡ್ಕೊಂಡು ಬಂದಿದ್ದ ಹೆಂಗಸರು.

ಇದನ್ನ ಬರೀ ಗೆಲುವಿನ ಕಥೆ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸು ಬರಲ್ಲ. ಆಮೇಲೆ ಪೊಲೀಸ್ ಕೇಸ್ ಹಾಕಿಸ್ಕೊಂಡು ಜೈಲು ಕಂಡವರಿದಾರೆ. ಪಿಎಫ್ ಉಳೀತು, ಆದ್ರೆ ಸಂಬಳ ಅಷ್ಟೇ ಇತ್ತು, ಯಾಕಂದ್ರೆ ರೋಡಿಗೆ ಬಂದ ಅಷ್ಟೂ ಜನ ಮೂರನೇ ದಿನ ಮತ್ತೆ ಒಬ್ಬೊಬ್ಬರಾಗಿ ಮಷಿನ್ ಮುಂದೆ ಕೂತ್ರು, ಮಧ್ಯೆ ಹಿಡಿದಿಡೋ ಸಂಘಟನೆ ಇರಲಿಲ್ಲ. ಇದಕ್ಕೆ ಪಕ್ಕದಲ್ಲಿಟ್ಟು ನೋಡ್ಬೇಕಾದ್ದು 2020ರ ತುಟ್ಟಿಭತ್ಯೆ ವಿಷಯ. ತಿಂಗಳಿಗೆ 417 ರೂಪಾಯಿ ಚಿಲ್ಲರೆ, ಕೋವಿಡ್ ನೆಪದಲ್ಲಿ ಅದನ್ನ ಮುಂದಕ್ಕೆ ಹಾಕಿದ್ರು. ಆ ಸಲ ರೋಡಿಗೆ ಯಾರೂ ಬರೋ ಸ್ಥಿತಿ ಇರಲಿಲ್ಲ. ಯೂನಿಯನ್‌ನವರು ಹೈಕೋರ್ಟಿಗೆ ಹೋದ್ರು, ಬಟ್ಟೆ ಕೊಳ್ಳೋ ವಿದೇಶಿ ಬ್ರಾಂಡ್‌ಗಳಿಗೆ ಬರೆದ್ರು, ಪೇ ಸ್ಲಿಪ್ ಒಟ್ಟು ಹಾಕಿದ್ರು, ಸದ್ದಿಲ್ಲದ ಕೆಲಸ. ಎರಡು ವರ್ಷ ಹಿಡೀತು, 2022ರಲ್ಲಿ ಬಾಕಿ ಕೈಗೆ ಬರೋಕೆ ಶುರುವಾಯ್ತು. ಸಿಟ್ಟು ಎರಡು ದಿನದಲ್ಲಿ ಮಾಡಿದ್ದನ್ನ ಸಂಘಟನೆ ಎರಡು ವರ್ಷದಲ್ಲಿ ಮಾಡ್ತು ಅಂತ ಯಾರಾದ್ರೂ ಅನ್ಬಹುದು, ನನ್ನ ಅಭಿಪ್ರಾಯ ಬೇರೆ. ಸಿಟ್ಟು ಯಾವಾಗ ಬರುತ್ತೆ ಅಂತ ನಾವು ತೀರ್ಮಾನ ಮಾಡೋಕೆ ಆಗಲ್ಲ, ಪೇ ಸ್ಲಿಪ್ ಇವತ್ತಿಂದಲೇ ಎತ್ತಿಡಬಹುದು. ಬೆಂಗಳೂರಿನ ಪೌರಕಾರ್ಮಿಕರು, ಹೆಚ್ಚಿನವರು ದಲಿತ ಹೆಂಗಸರು, ವರ್ಷಗಟ್ಟಲೆ ಹಾಗೇ ಎತ್ತಿಟ್ಕೊಂಡು ಬಂದವರು. 2017ರಲ್ಲಿ ಗುತ್ತಿಗೆದಾರರನ್ನ ಬಿಡಿಸಿ ನೇರ ಸಂಬಳ, 2022ರ ಜುಲೈಯಲ್ಲಿ ನಾಲ್ಕು ದಿನ ಮುಷ್ಕರ, ಕೊನೆಗೆ 2025ರ ಮೇ 1ಕ್ಕೆ 12,692 ಜನರಿಗೆ ಕಾಯಂ ನೇಮಕಾತಿ ಪತ್ರ.

ಒಂದು ರಸೀದಿಯ ವಿಷಯ ಹೇಳ್ಬೇಕು. ಸುಮಾರು ಹನ್ನೆರಡು ವರ್ಷದ ಹಿಂದೆ, ಊರು ಬೇಡ, ಉತ್ತರ ಕರ್ನಾಟಕದ ಒಂದು ಗ್ರಾಮ ಪಂಚಾಯ್ತಿ. ಉದ್ಯೋಗ ಖಾತ್ರಿ ಕೆಲಸ ಕೇಳೋಕೆ ಹನ್ನೊಂದು ಜನ ಹೆಂಗಸರು ಫಾರಂ ನಂಬರ್ 6 ತುಂಬ್ಕೊಂಡು ಹೋದ್ರು. ಕೌಂಟರ್‌ನಲ್ಲಿದ್ದವ ‘ಇಟ್ ಹೋಗ್ರಿ, ಸಾಹೇಬ್ರು ಬಂದಮ್ಯಾಲ ನೋಡೋಣು’ ಅಂದ. ಪ್ರತಿ ವರ್ಷ ಹಾಗೇ ಇಟ್ಟು ಬಂದಿದ್ರು, ಪ್ರತಿ ವರ್ಷ ಕೆಲಸ ಬಂದಿರಲಿಲ್ಲ. ಆ ಸಲ ನಾವು ಮೂರು ವಾರ ಬರೀ ಒಂದೇ ವಿಷಯ ಮಾತಾಡಿದ್ವಿ, ಕಾನೂನಿನ ಪ್ರಕಾರ ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡ್ಬೇಕು, ಕೊಡದಿದ್ರೆ ನಿರುದ್ಯೋಗ ಭತ್ಯೆ, ಆದ್ರೆ 15 ದಿನ ಎಲ್ಲಿಂದ ಎಣಿಸೋದು? ರಸೀದಿ ಮೇಲಿನ ತಾರೀಕಿಂದ. ರಸೀದಿ ಇಲ್ಲ ಅಂದ್ರೆ ತಾರೀಕಿಲ್ಲ, ತಾರೀಕಿಲ್ಲ ಅಂದ್ರೆ ನೀವು ಕೇಳೇ ಇಲ್ಲ ಅಂತ ಅರ್ಥ. ಅವರಲ್ಲಿ ಹಿರಿಯವಳು, ನಾವೆಲ್ಲ ಯಮನವ್ವ ಅಂತ ಕರೀತಿದ್ವಿ ಅಂತಿಟ್ಕೊಳ್ಳಿ, ‘ರಸೀದಿ ಕೊಟ್ರ ಹೋಗ್ತೀವ್ರಿ, ಇಲ್ಲಾಂದ್ರ ಇಲ್ಲೇ ಕುಂಡರ್ತೀವಿ’ ಅಂದು ಕಟ್ಟೆ ಮೇಲೆ ಕೂತೇಬಿಟ್ಳು. ಬುತ್ತಿ ಬಿಚ್ಚಿದ್ರು, ರೊಟ್ಟಿ, ಶೇಂಗಾ ಹಿಂಡಿ. ಹೋಗೋ ಬರೋರೆಲ್ಲ ಏನ್ ವಿಷಯ ಅಂತ ಕೇಳೋರು, ಇವರು ಒಂದೇ ಉತ್ತರ, ರಸೀದಿ. ನಾಲ್ಕು ಗಂಟೆಗೆ ಪಿಡಿಒ ಬಂದು ಒಂದೂ ಮಾತಾಡದೆ ಹನ್ನೊಂದು ರಸೀದಿಗೂ ಸಹಿ ಮಾಡಿ ಸೀಲ್ ಒತ್ತಿದ್ರು. ಯಮನವ್ವ ಓದೋಕೆ ಬರದಿದ್ರೂ ಆ ಸೀಲ್ ಮೇಲೆ ಬೆರಳಾಡಿಸಿ ನೋಡಿದ್ಳು, ಇಂಕು ಇನ್ನೂ ಹಸಿ ಇತ್ತು, ಬೆರಳಿಗೆ ಅಂಟ್ತು. ಮಡಚಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರೊಳಗೆ ಇಟ್ಕೊಂಡ್ಳು. ಹದಿನಾಲ್ಕನೇ ದಿನ ಕೆರೆ ಹೂಳೆತ್ತೋ ಕೆಲಸ ಶುರುವಾಯ್ತು. ಮುಂದಿನ ಸಭೆಗೆ ನಲವತ್ತು ಜನ ಬಂದಿದ್ರು, ನಾನು ಯಾರನ್ನೂ ಕರೆದಿರಲಿಲ್ಲ.

ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತವರ ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮಾಡಿದ್ದೂ ಇದೇ ಜಾತಿಯ ಕೆಲಸ. 1994ರ ಡಿಸೆಂಬರ್‌ನಲ್ಲಿ ಊರ ನಡುವೆ ಶಾಮಿಯಾನ ಹಾಕಿ ಪಂಚಾಯ್ತಿಯ ಹಾಜರಿ ಪಟ್ಟಿ, ಬಿಲ್ ಗಟ್ಟಿಯಾಗಿ ಓದಿದ್ರು. ನಿನಗೆ ಇಷ್ಟು ದಿನದ ಕೂಲಿ ಕೊಟ್ಟಿದೆ ಅಂತ ಬರೆದಿದೆ, ಬಂತಾ ಅಂತ ಕೇಳೋದು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’, ನಮ್ಮ ದುಡ್ಡು, ನಮ್ಮ ಲೆಕ್ಕ ಅಂದ್ರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತ್ರು, 2005ಕ್ಕೆ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾನೂನು ಬಂತು. ನಾವೆಲ್ಲ ಇವತ್ತು ಹಾಕೋ ಆರ್‌ಟಿಐ ಅರ್ಜಿಯ ಬೇರು ಕೂಲಿಯವರ ಹಾಜರಿ ಪಟ್ಟಿಯಲ್ಲಿದೆ.

ಈಗ ನೀವು ಕೇಳ್ಬಹುದು, ರಸೀದಿ ಕೊಳಗ ಎಲ್ಲ ಸರಿ, ಆ ಶೇ 40ರ ಕಥೆ ಏನು, ಅದು ಪಂಚಾಯ್ತಿ ಕಟ್ಟೆ ಮೇಲೆ ಕೂತ್ರೆ ಬಗೆಹರಿಯುತ್ತಾ ಅಂತ. ಬಗೆಹರಿಯಲ್ಲ. ಅದು ತೆರಿಗೆ ಮಾತು, ಆ ಮಾತಿಗೂ ಬರಲೇಬೇಕು, ಆದ್ರೆ ಒಂದೆರಡು ಸಲ ಕೇಳಿ ಪಡೆದವರ ಜೊತೆ ಆ ಮಾತು ಆಡೋದು ಬಹಳ ಸುಲಭ. ಆವಾಗ ಮೊಸರಿನ ಪ್ಯಾಕೆಟ್ ಮುಂದಿಡಿ. 2022ರ ಜುಲೈ 18ರಿಂದ ಪ್ಯಾಕ್ ಮಾಡಿದ ಮೊಸರು, ಮಜ್ಜಿಗೆ, ಅಕ್ಕಿಗೆ ಶೇ 5 ಜಿಎಸ್‌ಟಿ ಹಾಕಿದ್ರು. ಕೂಲಿ ಮಾಡೋಳು ಕೊಂಡ್ರೂ ಕೋಟ್ಯಧಿಪತಿ ಕೊಂಡ್ರೂ ಅದೇ ಶೇ 5. ಇನ್ನೊಂದು ಕಡೆ 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನ ಶೇ 30ರಿಂದ 22ಕ್ಕೆ ಇಳಿಸೋ ದಾರಿ ಮಾಡಿಕೊಟ್ರು, ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡ್ತಿದೀವಿ ಅಂತ ಸರ್ಕಾರವೇ ಹೇಳ್ತು. ಸತ್ತವರ ದೊಡ್ಡ ಆಸ್ತಿ ಮೇಲಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಗಿತ್ತು. ಸಂಪತ್ತಿನ ತೆರಿಗೆ 2015ರ ಬಜೆಟ್ಟಲ್ಲಿ ಹೋಯ್ತು. ವಸೂಲಿ ಆಗೋದೇ ಕಮ್ಮಿ, ಬದಲಿಗೆ ಶ್ರೀಮಂತರ ಆದಾಯಕ್ಕೆ ಸರ್ಚಾರ್ಜ್ ಹಾಕ್ತೀವಿ ಅಂದ್ರು, ಆ ವಾದದಲ್ಲಿ ಹುರುಳಿದೆ ಅನ್ನೋರೂ ಇದಾರೆ, ಅವರ ಮಾತನ್ನೂ ಸಂಘದಲ್ಲಿ ಇಡಿ. ಆದ್ರೆ ರೇಷನ್ ಅಕ್ಕಿಗೆ, ಬಸ್ ಟಿಕೆಟ್ಟಿಗೆ ‘ಬಿಟ್ಟಿ’ ಅನ್ನೋ ಪದ ಬಳಸೋ ಜನ ಈ 1.45 ಲಕ್ಷ ಕೋಟಿಗೆ ಏನು ಪದ ಬಳಸ್ತಾರೆ ಅಂತ ಆ ಹಿರಿಯಕ್ಕನನ್ನೇ ಕೇಳಿ. ಬಿಟ್ಟಿ ಅನ್ನೋ ಪದ ನಮ್ಮ ಹೆಂಗಸರ ತಲೆ ತಗ್ಗಿಸಿದಷ್ಟು ಬೇರೆ ಯಾವುದೂ ತಗ್ಗಿಸಿಲ್ಲ. ಪ್ರತಿ ಸೋಪು, ಪ್ರತಿ ಎಣ್ಣೆ ಪ್ಯಾಕೆಟ್ಟಿಗೆ ತೆರಿಗೆ ಕಟ್ಟೋರು ತಾವು ಅಂತ ಗೊತ್ತಾದ ದಿನ ಆ ತಲೆ ಎತ್ತೋದನ್ನ ನಾನು ಎದುರಿಗೆ ಕೂತು ನೋಡಿದೀನಿ.

ನಿಮ್ಮ ವಿಷಯಕ್ಕೇ ಬರ್ತೀನಿ. ನೀವು ಅತಿಥಿ ಉಪನ್ಯಾಸಕಿ. ಪಕ್ಕದ ಕ್ಲಾಸಲ್ಲಿ ಅದೇ ಸಿಲಬಸ್ ಹೇಳೋ ಕಾಯಂ ಅಧ್ಯಾಪಕರ ಸಂಬಳ ಎಷ್ಟು, ನಿಮ್ಮ ಗೌರವಧನ ಎಷ್ಟು ಅಂತ ಆ ಹೆಂಗಸರಿಗೆ ಯಾವತ್ತಾದ್ರೂ ಹೇಳಿದೀರಾ? 2023ರ ಕೊನೆಯಲ್ಲಿ ನಿಮ್ಮವರೇ ಕ್ಲಾಸ್ ಬಿಟ್ಟು ಧರಣಿ ಕೂತಿದ್ರಲ್ಲ, ನೀವು ಹೋಗಿದ್ರಾ, ಹೋಗೋಕೆ ಭಯ ಆಗಿತ್ತಾ, ಅದನ್ನ ಹೇಳಿ. ಇಲ್ಲಿವರೆಗೆ ಅವರ ಕಣ್ಣಿಗೆ ನೀವು ಚಾರ್ಟ್ ತಂದ ಮೇಡಂ, ಸುಖವಾಗಿರೋರು. ನಿಮಗೂ ಒಂದು ದೊಡ್ಡ ಕೊಳಗದಲ್ಲಿ ಅಳೀತಿದಾರೆ ಅಂತ ಗೊತ್ತಾದ್ರೆ ಕೂರೋ ರೀತಿನೇ ಬದಲಾಗುತ್ತೆ.

ಮುಂದಿನ ಭಾನುವಾರ ಚಾರ್ಟ್ ಬೇಡ. ನೀವೇ ಹೆಚ್ಚು ಮಾತಾಡೋದೂ ಬೇಡ. ಹೋದ ವಾರ ಯಾರು ಎಲ್ಲಿಗೆ ಕೆಲಸಕ್ಕೆ ಹೋಗಿದ್ರು, ಎಷ್ಟು ಹೊತ್ತು, ಕೈಗೆ ಎಷ್ಟು ಬಂತು ಅಂತ ಒಬ್ಬೊಬ್ಬರನ್ನೇ ಕೇಳಿ ಬರ್ಕೊಳ್ಳಿ. ನಿಮ್ಮ ಜಿಲ್ಲೆ ಅಂದ್ಮೇಲೆ ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗೋರು ಇರ್ತಾರೆ, ಅಲ್ಲಿ ಕೆಜಿ ಲೆಕ್ಕ. ತೂಕ ಹಾಕೋರು ಯಾರು, ಕಾಟಾ ಯಾರದ್ದು, ತೂಕದ ಚೀಟಿ ಕೈಗೆ ಕೊಡ್ತಾರಾ? ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಪ್ಲಾಟಿಗೆ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಸೇರಿಸೋ) ಕೆಲಸಕ್ಕೆ ಹೋಗೋರಿದ್ರೆ ಅದೇ ಪ್ಲಾಟಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು? ಸಮಾನ ಕೂಲಿಗೆ ಈ ದೇಶದಲ್ಲಿ 1976ರಲ್ಲೇ ಕಾನೂನು ಬಂದಿದೆ ಅನ್ನೋದು ಆ ಹೊತ್ತಲ್ಲಿ ಹೇಳಿ, ಮೊದಲೇ ಹೇಳ್ಬೇಡಿ. ಬರ್ಕೊಂಡದ್ದನ್ನ ಗಟ್ಟಿಯಾಗಿ ಎಲ್ರ ಮುಂದೆ ಓದಿ. ಎಲ್ಲೋ ಒಂದು ಕಡೆ ಯಾರಾದ್ರೂ ‘ಏ, ನಿನಗ ಅಷ್ಟ್ ಕೊಟ್ರಾ? ನನಗ ಇಷ್ಟ ಕೊಟ್ಟಾರಲ್ಲ!’ ಅಂತಾರೆ. ಅಲ್ಲಿ ಓದೋದು ನಿಲ್ಲಿಸಿ, ಅವರಿಬ್ಬರೇ ಮಾತಾಡ್ಲಿ.

ಅದು ತೂಕದ ಚೀಟಿ ಆಗಬಹುದು, ಹಾಜರಿ ಪುಸ್ತಕ ಆಗಬಹುದು, ಇನ್ನೇನೋ ಆಗಬಹುದು, ಅದನ್ನ ಅವರೇ ಆರಿಸ್ಲಿ, ನೀವಲ್ಲ. ಕೇಳೋಕೆ ಹೋಗೋ ದಿನ ಹತ್ತು ಜನಕ್ಕಿಂತ ಕಮ್ಮಿ ಹೋಗ್ಬೇಡಿ, ಬುತ್ತಿ ಕಟ್ಕೊಂಡು ಹೋಗಿ, ಬಾಯಿಮಾತಿನ ಭರವಸೆ ತಗೊಂಡು ವಾಪಸ್ ಬರ್ಬೇಡಿ. ಏನಾಯ್ತು ಅಂತ ನನಗೆ ಬರೀರಿ. ಕೈಗೆ ಬಂದ ಮೊದಲನೇ ಚೀಟಿ ಮೇಲೆ ಯಾವ ತಾರೀಕಿದೆ, ಯಾರ ಸಹಿ ಇದೆ ಅನ್ನೋದನ್ನ ಮರೀದೇ ಬರೀರಿ.